ಮಳಖೇಡದ ನಾಡಿನಲ್ಲಿ ಆಂಟೆನಾ ಶಾಸ್ತ್ರದ ಓದು

ಸೇಡಂನಲ್ಲಾಗಲಿ ಚಿತ್ತಾಪುರದಲ್ಲಾಗಲಿ ಮನೆಯ ಮಾಳಿಗೆಯನ್ನೇರಿ, ಅಲ್ಲಿ ನಿಲ್ಲಿಸಿದ ಬಿದಿರಿನ ಗಳುವಿನಿಂದ ಅಂಗಳದಾಚೆಯ ಬೇವಿನ ಮರಕ್ಕೆ ತಾಮ್ರದ ತಂತಿಯೊಂದನ್ನು ಎಳೆದು ಕಟ್ಟಿ, ಅದರ ನಡುವಿನಿಂದ ಕೇಬಲ್ಲನ್ನು ಕಿಟಕಿಯ ಮೂಲಕ ಒಳಗಿಳಿಸಿ, ಮೇಜಿನ ಮೇಲಿನ ರೇಡಿಯೋ ಯಂತ್ರಕ್ಕೆ ಸೇರಿಸಿ, ದೂರದೂರಿನ ಅಪರಿಚಿತನೊಬ್ಬನ ಕಂಠಸ್ವರವನ್ನು ಮೊದಲ ಬಾರಿಗೆ ಕೇಳಿದ ತರುಣನ ಮನಸ್ಸಿನಲ್ಲಿ, ಆ ಗಳಿಗೆಯ ವಿಸ್ಮಯವು ತುಸು ಶಾಂತವಾದ ಬಳಿಕ, ಎರಡು ಪ್ರಶ್ನೆಗಳು ಹುಟ್ಟುತ್ತವೆ. ಯಾವ ಆಶ್ರಯವೂ ಕಾಣದ ಆಕಾಶಮಾರ್ಗದಲ್ಲಿ ಬಂದ ಮಾತನ್ನು ಈ ತಂತಿಯು ಹೇಗೆ ಹಿಡಿಯಿತು ಎಂಬುದು ಮೊದಲನೆಯದು. ಅದನ್ನು ತಿಳಿಯಲು ಯಾವ ಪುಸ್ತಕವನ್ನು ಓದಬೇಕು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರವು ಬಹಳ ಮಟ್ಟಿಗೆ ಎರಡನೆಯದರ ಉತ್ತರವನ್ನೇ ಅವಲಂಬಿಸಿದೆ. ತಕ್ಕ ಪುಸ್ತಕವು ತಕ್ಕ ಸಮಯದಲ್ಲಿ ಕೈಸೇರಿದವನು ಈ ವಿದ್ಯೆಯಲ್ಲಿ ಬಹುದೂರ ಸಾಗುತ್ತಾನೆ; ಅಕಾಲದಲ್ಲಿ ಕಠಿನ ಗ್ರಂಥವನ್ನು ತೆರೆದವನು, ತನ್ನ ಬುದ್ಧಿಯೇ ಸಾಲದೆಂದು ತಪ್ಪಾಗಿ ತಿಳಿದು, ತಂತಿಯನ್ನು ಸುತ್ತಿ ಮೂಲೆಗಿಡುತ್ತಾನೆ. ಅಂಥ ನಿರಾಶೆಯಿಂದ ಒಬ್ಬ ಕಲಿಯುವವನನ್ನಾದರೂ ತಪ್ಪಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಹವ್ಯಾಸಿ ರೇಡಿಯೋ ಎಂಬುದು, ಅಂದರೆ ಲೋಕರೂಢಿಯಲ್ಲಿ 'ಹ್ಯಾಮ್' ಎಂದು ಕರೆಯಿಸಿಕೊಳ್ಳುವ ಹವ್ಯಾಸವು, ಲಾಭದ ಅಪೇಕ್ಷೆಯಿಲ್ಲದೆ, ಕೇವಲ ಜ್ಞಾನಾರ್ಜನೆಗಾಗಿಯೂ ಸ್ನೇಹಸಂಪಾದನೆಗಾಗಿಯೂ, ಸರಕಾರದ ಪರವಾನಗಿ ಪಡೆದು, ತನ್ನದೇ ನಿಲಯದಿಂದ ರೇಡಿಯೋ ತರಂಗಗಳ ಮೂಲಕ ಸಂಭಾಷಿಸುವ ವಿದ್ಯೆ. ಭಾರತದಲ್ಲಿ 1978ರ ನಿಯಮಾವಳಿಯನ್ವಯ ಹನ್ನೆರಡು ವರ್ಷ ತುಂಬಿದ ಬಾಲಕ ಬಾಲಕಿಯರೂ ಇದರ ಪರೀಕ್ಷೆಗೆ ಕೂಡಬಹುದಾಗಿದೆ. ಉತ್ತೀರ್ಣರಾದವರಿಗೆ ಕೇಂದ್ರ ಸಂಪರ್ಕ ಸಚಿವಾಲಯವು ಪರವಾನಗಿಯನ್ನೂ, ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಮೊದಲಾಗುವ ಕರೆಸಂಕೇತವನ್ನೂ ಕೊಡುತ್ತದೆ. ಇದನ್ನು ಬಿಡುವಿನ ವೇಳೆಯ ವಿನೋದವೆಂದು ಮಾತ್ರ ಎಣಿಸಲಾಗದು. 2004ರ ಡಿಸೆಂಬರಿನಲ್ಲಿ ಸುನಾಮಿಯ ಅಲೆಗಳು ಅಂಡಮಾನ್ ದ್ವೀಪಗಳ ಸಂಪರ್ಕವನ್ನೆಲ್ಲ ಕಡಿದುಹಾಕಿದಾಗ, ಹವ್ಯಾಸಕ್ಕಾಗಿಯೇ ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದರ ತಂಡದವರು ತಮ್ಮ ರೇಡಿಯೋಗಳಿಂದ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದರು. 2020ರ ಅಕ್ಟೋಬರಿನಲ್ಲಿ ಭೀಮೆಯೂ ಕಾಗಿಣೆಯೂ ಉಕ್ಕಿ ಹರಿದುದನ್ನು ಕಂಡ ನಮ್ಮ ಸೀಮೆಯವರಿಗೆ, ಎಲ್ಲ ತಂತಿಗಳೂ ಗೋಪುರಗಳೂ ಮೌನವಾದಾಗ ಮಾತನಾಡಬಲ್ಲ ಒಂದು ಸಾಧನವು ಊರಿನಲ್ಲಿರುವುದರ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ಸಾಧನದ ಅಂಗಗಳಲ್ಲಿ ಯಂತ್ರವನ್ನು ಇಂದು ಬಹುತೇಕರು ಸಿದ್ಧವಾದುದನ್ನೇ ಕೊಳ್ಳುತ್ತಾರೆ. ಆಂಟೆನಾವನ್ನು ಮಾತ್ರ ಹವ್ಯಾಸಿಯು ಈಗಲೂ ತನ್ನ ಕೈಯಿಂದಲೇ ಕಟ್ಟುತ್ತಾನೆ. ಅದು ಮಾಡುವ ಕಾರ್ಯವನ್ನು ನಮ್ಮ ತತ್ತ್ವಪದಕಾರರ ಏಕತಾರಿಯಿಂದ ಸುಲಭವಾಗಿ ಊಹಿಸಬಹುದು. ಏಕತಾರಿಯ ತಂತಿಯ ಎರಡು ತುದಿಗಳು ಬಿಗಿದಿರುವುದರಿಂದ ಅಲ್ಲಿ ಕಂಪನವಿಲ್ಲ, ನಡುವೆ ಕಂಪನವು ಅಧಿಕ. ತಂತಿಯ ಉದ್ದವು ಸ್ವರವನ್ನು ನಿರ್ಣಯಿಸುತ್ತದೆ. ಅದೇ ರೀತಿ ನಡುವೆ ವಿದ್ಯುತ್ತನ್ನು ಊಡಿಸಿದ ತಾಮ್ರದ ತಂತಿಯಲ್ಲಿ ಪ್ರವಾಹವು ತುದಿಗಳಲ್ಲಿ ಶೂನ್ಯವಾಗಿ ಮಧ್ಯದಲ್ಲಿ ಪರಮಾವಧಿಗೇರುತ್ತದೆ. ತಂತಿಯ ಉದ್ದವು ಅದು ಒಲಿಯುವ ಆವೃತ್ತಿಯನ್ನು ನಿರ್ಣಯಿಸುತ್ತದೆ. ಈ ಪ್ರವಾಹವು ಸೆಕೆಂಡಿಗೆ ಲಕ್ಷಾಂತರ ಬಾರಿ ದಿಕ್ಕು ಬದಲಿಸುವಾಗ ಅದರ ಸುತ್ತಣ ವಿದ್ಯುತ್‌ಕ್ಷೇತ್ರವೂ ಕಾಂತಕ್ಷೇತ್ರವೂ ಬದಲಾಗಲೇಬೇಕಷ್ಟೆ. ಆ ಬದಲಾವಣೆಯ ವಾರ್ತೆಯು ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರಿನಂತೆ, ಹೊರಗೆ ಹರಡುತ್ತ, ತಂತಿಯ ಹಂಗನ್ನು ತೊರೆದು ತರಂಗವಾಗಿ ಹೊರಟುಹೋಗುತ್ತದೆ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸಮೀಕರಣಗಳಲ್ಲಿ ಕಂಡ ಈ ಸತ್ಯವನ್ನು ಹೈನ್‌ರಿಖ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಪ್ರಯೋಗದಿಂದ ಸ್ಥಾಪಿಸಿದನು. ನಮ್ಮವರೇ ಆದ ಜಗದೀಶಚಂದ್ರ ಬೋಸರು 1895ರಲ್ಲಿ ಅದನ್ನು ಕಲಕತ್ತೆಯಲ್ಲಿ ಸಾರ್ವಜನಿಕರ ಮುಂದೆ ಪ್ರದರ್ಶಿಸಿದರು.

ಇದರ ಮೊದಲ ಲೆಕ್ಕವು ಎಂಟನೆಯ ತರಗತಿಯ ಹುಡುಗನಿಗೂ ಎಟುಕುವಂಥದು. 300 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರವು ಮೀಟರುಗಳಲ್ಲಿ ದೊರೆಯುತ್ತದೆ. ಹವ್ಯಾಸಿಗಳು ಹಗಲಿನ ಹರಟೆಗೆ ಬಳಸುವ 7.1 ಮೆಗಾಹರ್ಟ್ಸ್‌ನಲ್ಲಿ ಅದು 42.25 ಮೀಟರು, ಅದರ ಅರ್ಧವು 21 ಮೀಟರಿಗೆ ಸ್ವಲ್ಪ ಹೆಚ್ಚು, ತಂತಿಯ ತುದಿಗಳ ಪ್ರಭಾವಕ್ಕಾಗಿ ನೂರಕ್ಕೆ ಐದರಷ್ಟು ಕಳೆದರೆ ಉಳಿಯುವುದು ಸುಮಾರು 20 ಮೀಟರು. ಹತ್ತು ಹತ್ತು ಮೀಟರಿನ ಎರಡು ತುಂಡುಗಳನ್ನು ನಡುವೆ ಕೇಬಲ್ಲಿಗೆ ಸೇರಿಸಿದರೆ ಅದೇ 'ಡೈಪೋಲ್' ಎಂಬ ಆದಿ ಆಂಟೆನಾ. ನಾವು ಬಾಲ್ಯದಿಂದ ಕೇಳಿದ ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್ ಮಧ್ಯಮ ತರಂಗಕ್ಕೆ ಇದೇ ಲೆಕ್ಕ ಹಾಕಿದರೆ ತರಂಗದೂರವು 271 ಮೀಟರು. ಮಧ್ಯಮ ತರಂಗದ ನಿಲಯಗಳಲ್ಲಿ ಕಂಬವು ಆಂಟೆನಾವನ್ನು ಹೊತ್ತು ನಿಂತದ್ದಲ್ಲ, ತಾನೇ ಆಂಟೆನಾ ಆಗಿ ನಿಂತದ್ದು. ಅದು ಮುಗಿಲಿನೆತ್ತರಕ್ಕೆ ನಿಲ್ಲಬೇಕಾದುದೇಕೆ ಎಂಬುದು ಈ ಸಂಖ್ಯೆಯಿಂದಲೇ ಹೊಳೆಯುತ್ತದೆ.

ಇಷ್ಟನ್ನು ತಿಳಿದು ತಂತಿಯನ್ನು ಕಟ್ಟಿದ ಮೇಲೆ ಗ್ರಂಥಗಳ ಅರಣ್ಯವು ಎದುರಾಗುತ್ತದೆ. ಅದರಲ್ಲಿ ದಾರಿ ಕಾಣಲು ಹೊರನಾಡಿನ ದೃಷ್ಟಾಂತವನ್ನು ಅರಸಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವಾಗಿದ್ದ ಕಾಲದಲ್ಲಿ, ಒಂಬತ್ತನೆಯ ಶತಮಾನದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಶ್ರೀವಿಜಯನ 'ಕವಿರಾಜಮಾರ್ಗ'ವು ಹುಟ್ಟಿತು. ಕಾವ್ಯವನ್ನು ಕಟ್ಟುವವನಿಗೆ ದಾರಿ ತೋರುವ ಲಕ್ಷಣಗ್ರಂಥವದು. ಅದೇ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು; ಅದು ಶುದ್ಧ ಗಣಿತದ ಪಠ್ಯ. ಎರಡು ಶತಮಾನಗಳಿಗೂ ಮಿಕ್ಕಿ ಕಾಲ ಕಳೆದ ಮೇಲೆ, ಶಹಾಬಾದಿಗೆ ಸಮೀಪದ ಮರತೂರಿನೊಂದಿಗೆ ಹೆಸರು ಬೆಸೆದುಕೊಂಡಿರುವ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಮೂಲದಲ್ಲಿ ಬಿಗಿದುಕೊಂಡಿದ್ದ ಅರ್ಥವನ್ನು ಸಡಿಲಿಸಿ ಕಾಣಿಸುವುದು ಅದರ ಕಾರ್ಯ. ಹೀಗೆ ಮಾರ್ಗ, ವ್ಯಾಖ್ಯಾನ, ಗಣಿತ ಎಂಬ ಮೂರು ಬಗೆಯ ಬೋಧಗ್ರಂಥಗಳೂ ನಮ್ಮ ಈ ಮೂವತ್ತು ನಲವತ್ತು ಮೈಲಿಗಳ ಅಂತರದಲ್ಲಿಯೇ ಉದಾಹರಣೆಯನ್ನು ಪಡೆದಿವೆ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು, ಇದ್ದರೆಂದು 1058ರ ಶಾಸನವು ತಿಳಿಸುತ್ತದೆ. ಯಾವ ವಿದ್ಯಾರ್ಥಿಗೆ ಯಾವ ಹೊತ್ತಿನಲ್ಲಿ ಯಾವ ಓಲೆಯ ಕಟ್ಟನ್ನು ಬಿಚ್ಚಿಕೊಡಬೇಕೆಂಬುದನ್ನು ಬಲ್ಲ ಭಂಡಾರಿಗನು ಇಂದು ನಮ್ಮ ಪಕ್ಕದಲ್ಲಿಲ್ಲದ ಕಾರಣ, ಆ ವಿವೇಕವನ್ನು ಕಲಿಯುವವನೇ ಬೆಳೆಸಿಕೊಳ್ಳಬೇಕಾಗಿದೆ.

ಆಂಟೆನಾ ವಿದ್ಯೆಯ ಮಾರ್ಗಗ್ರಂಥಗಳಲ್ಲಿ ಅಗ್ರಗಣ್ಯವಾದುದು ಅಮೆರಿಕದ ಹವ್ಯಾಸಿಗಳ ಸಂಘವಾದ ಎ.ಆರ್.ಆರ್.ಎಲ್. ಪ್ರಕಟಿಸುವ 'ಆಂಟೆನಾ ಬುಕ್'. 1939ರಲ್ಲಿ ಮೊದಲು ಹೊರಬಂದು, ಆವೃತ್ತಿಯಿಂದಾವೃತ್ತಿಗೆ ಪರಿಷ್ಕೃತವಾಗುತ್ತ ಬಂದಿರುವ ಈ ಗ್ರಂಥದಲ್ಲಿ ಡೈಪೋಲಿನಿಂದ ಮೊದಲ್ಗೊಂಡು ನೂರಾರು ರಚನೆಗಳ ಅಳತೆಗಳೂ ಚಿತ್ರಗಳೂ ಕಟ್ಟುವ ಕ್ರಮಗಳೂ ಇವೆ. ಬ್ರಿಟನ್ನಿನ ಲೆಸ್ ಮಾಕ್ಸನ್ ಬರೆದು 1982ರಲ್ಲಿ ಪ್ರಕಟವಾದ 'ಎಚ್.ಎಫ್. ಆಂಟೆನಾಸ್ ಫಾರ್ ಆಲ್ ಲೊಕೇಶನ್ಸ್' ಎಂಬುದು, ವಿಸ್ತಾರವಾದ ಬಯಲಿಲ್ಲದೆ ಇಕ್ಕಟ್ಟಾದ ಹಿತ್ತಲಿನಲ್ಲಿ ತಂತಿ ಕಟ್ಟಬೇಕಾದವನಿಗೆ ಆಪ್ತವಾಗುತ್ತದೆ. ಇಂಥ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದತಕ್ಕದ್ದಲ್ಲ. ಡೈಪೋಲಿನ ಅಧ್ಯಾಯ, ಊಡಿಕೆಯ ಕೇಬಲ್ಲಿನ ಅಧ್ಯಾಯ, ಭೂಮಿಯ ಪ್ರಭಾವದ ಅಧ್ಯಾಯ, ಸುರಕ್ಷತೆಯ ಅಧ್ಯಾಯ ಎಂಬಿವು ನಾಲ್ಕನ್ನು ಓದಿ, ಒಂದು ಆಂಟೆನಾವನ್ನು ಕಟ್ಟಿ, ತಪ್ಪಿದಲ್ಲಿ ಪುನಃ ಪುಸ್ತಕಕ್ಕೆ ಮರಳಬೇಕು. ನಮ್ಮ ಕಾವ್ಯಮೀಮಾಂಸೆಯಲ್ಲಿ ಲಕ್ಷಣಕ್ಕೆ ಲಕ್ಷ್ಯವು ಬೇಕೆನ್ನುವಂತೆ, ಇಲ್ಲಿ ಪುಸ್ತಕವು ಲಕ್ಷಣ, ಮಾಳಿಗೆಯ ಮೇಲಿನ ತಂತಿಯು ಲಕ್ಷ್ಯ. ಲಕ್ಷ್ಯವಿಲ್ಲದ ಲಕ್ಷಣವು ಬರಿಯ ಕಂಠಪಾಠವಾಗಿ ಉಳಿಯುತ್ತದೆ.

ಭೂಮಿಯ ಪ್ರಭಾವದ ಅಧ್ಯಾಯವನ್ನು ನಾನು ವಿಶೇಷವಾಗಿ ಎತ್ತಿ ಹೇಳುವುದಕ್ಕೆ ಕಾರಣವುಂಟು. ಆಂಟೆನಾದಿಂದ ಹೊರಟ ತರಂಗದ ಒಂದು ಪಾಲು ನೆಲವನ್ನು ತಾಗಿ ಪ್ರತಿಫಲಿಸುತ್ತದೆ; ಇನ್ನೊಂದು ಪಾಲು ನೆಲದೊಳಗೆ ಶಾಖವಾಗಿ ನಷ್ಟವಾಗುತ್ತದೆ. ಆ ನಷ್ಟವೆಷ್ಟೆಂಬುದು ಮಣ್ಣಿನ ವಿದ್ಯುದ್ವಾಹಕತೆಯನ್ನು ಅವಲಂಬಿಸಿದ್ದು, ವಿಶೇಷವಾಗಿ ನೆಟ್ಟಗೆ ನಿಲ್ಲಿಸಿದ ಆಂಟೆನಾಕ್ಕೆ ನೆಲವೇ ಅರ್ಧಾಂಗವಾಗಿರುವುದರಿಂದ, ಅಲ್ಲಿ ಮಣ್ಣಿನ ಗುಣವು ಬಹಳ ಮುಖ್ಯ. ಪುಸ್ತಕಗಳ ಕೋಷ್ಟಕಗಳಲ್ಲಿ 'ಸಾಧಾರಣ ನೆಲ'ವೆಂದು ಮೀಟರಿಗೆ 0.005 ಸೀಮೆನ್ಸ್ ವಾಹಕತೆಯನ್ನು ಕೊಟ್ಟಿರುತ್ತಾರೆ. ನಮ್ಮ ಸೀಮೆಯ ಊರುಗಳ ನೆಲವನ್ನು ನೋಡಿರಿ. ತೊಗರಿ ಬೆಳೆಯುವ ಸೇಡಂ ಚಿತ್ತಾಪುರಗಳ ಕರಿ ಎರೆಮಣ್ಣು, ಜಿಗುಟು ಮಣ್ಣಾದುದರಿಂದ, ಮಳೆಗಾಲದಲ್ಲಿ ನೀರು ಕುಡಿದು ಒಳ್ಳೆಯ ವಾಹಕವಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲವು ಗೇಣಗಲ ಬಿರಿದು, ಭೂಸಂಪರ್ಕಕ್ಕಾಗಿ ನೆಟ್ಟ ಸಲಾಕೆಯ ಸುತ್ತ ಸಂದು ಬಿಟ್ಟು ನಿಲ್ಲುತ್ತದೆ. ಶಹಾಬಾದ್ ವಾಡಿಗಳಲ್ಲಿ ಮೊಳದಾಳದಲ್ಲಿಯೇ ಸುಣ್ಣಕಲ್ಲಿನ ಹಾಸು. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಫರಸಿಯಾಗಿ ಹೋದ ಆ ಕಲ್ಲಿನಲ್ಲಿ ಸಲಾಕೆಯು ಇಳಿಯುವುದೂ ಕಷ್ಟ, ಇಳಿದರೂ ಕಲ್ಲು ವಿದ್ಯುತ್ತನ್ನು ಸುಲಭವಾಗಿ ಒಯ್ಯದು. ಅಂಥಲ್ಲಿ ಸಲಾಕೆಯೊಂದನ್ನೇ ನಂಬದೆ, ಆಂಟೆನಾದ ಬುಡದಿಂದ ಸುತ್ತಲೂ ರಥಚಕ್ರದ ಅರಗಳಂತೆ ತಂತಿಗಳನ್ನು ನೆಲದ ಮೇಲೆ ಹರಡುವ ವಿಧಾನವನ್ನು ಪುಸ್ತಕದಲ್ಲಿ ಹುಡುಕಬೇಕು. ಚಿಂಚೋಳಿಯ ಗುಡ್ಡಗಳ ಮೇಲಣ ಕೆಂಪು ಜಂಬಿಟ್ಟಿಗೆಯ ನೆಲವು ಬೇರೆಯೇ ಬಗೆ. ನೀರು ಬೇಗ ಬಸಿದುಹೋಗುವ ಆ ಒಣನೆಲದಲ್ಲಿ ಅಡ್ಡಕಟ್ಟಿದ ಡೈಪೋಲೇ ಹೆಚ್ಚು ನೆಚ್ಚಿಕೆಯದು, ಏಕೆಂದರೆ ಅದು ನೆಲವನ್ನು ಅಷ್ಟಾಗಿ ಅವಲಂಬಿಸದು. ಆದುದರಿಂದ ಈ ಸೀಮೆಯವನು ಪುಸ್ತಕವನ್ನು ಆರಿಸುವಾಗ ಭೂಮಿಯ ಅಧ್ಯಾಯವು ಎಷ್ಟು ಪುಟಗಳದ್ದೆಂದು ನೋಡುವುದು ಅವಶ್ಯ. ನೆಲದ ಮಾತೆತ್ತದ ಪುಸ್ತಕವು ಶೂನ್ಯಾಕಾಶದಲ್ಲಿ ವಾಸಿಸುವವರಿಗೆ ಬರೆದದ್ದು.

ಸುರಕ್ಷತೆಯ ಅಧ್ಯಾಯವೂ ಅಷ್ಟೇ ಗೌರವಾರ್ಹ. ವಿದ್ಯುತ್ ಸರಬರಾಜಿನ ತಂತಿಗಳ ಮೇಲಾಗಲಿ ಕೆಳಗಾಗಲಿ ಆಂಟೆನಾದ ತಂತಿಯನ್ನು ಎಂದಿಗೂ ಹಾಯಿಸಕೂಡದೆಂಬುದು ಪ್ರಾಣದ ಪ್ರಶ್ನೆ. ಮುಂಗಾರಿಗೆ ಮೊದಲು ಚಿಂಚೋಳಿಯ ಕಾಡಿನ ಕಡೆಯಿಂದ ಮೋಡ ಕವಿಯತೊಡಗಿದೊಡನೆ, ಗುಡುಗು ಮೊದಲಾಗುವ ಮುನ್ನವೇ, ಕೇಬಲ್ಲನ್ನು ಯಂತ್ರದಿಂದ ಕಳಚಿ ಮನೆಯಿಂದ ಹೊರಗಿಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ಸಿಮೆಂಟಿನ ಕಾರ್ಖಾನೆಗಳಿರುವ ವಾಡಿಯಂಥ ಊರಿನವರಿಗೆ ಮತ್ತೊಂದು ಎಚ್ಚರ ಬೇಕು. ಡೈಪೋಲಿನ ತುದಿಗಳಲ್ಲಿ ಪ್ರವಾಹವು ಶೂನ್ಯವಾದರೂ ವೋಲ್ಟೇಜು ಅಧಿಕ. ಅಲ್ಲಿನ ಪಿಂಗಾಣಿಯ ಅವಾಹಕದ ಮೇಲೆ ಕುಳಿತ ಸಿಮೆಂಟಿನ ಧೂಳು ಇಬ್ಬನಿಯಲ್ಲಿ ನೆನೆದು ಗಟ್ಟಿಯಾದರೆ ವಿದ್ಯುತ್ತು ಅದರ ಮೇಲೆಯೇ ಸೋರಲು ತೊಡಗುತ್ತದೆ. ಆಗಾಗ್ಗೆ ಇಳಿಸಿ ಒರೆಸುವುದೊಂದೇ ಪರಿಹಾರ. ವಿದೇಶದ ಪುಸ್ತಕವು ಸಮುದ್ರತೀರದ ಉಪ್ಪನ್ನು ಕುರಿತು ಹೇಳಿದ್ದನ್ನು ನಮ್ಮ ಓದುಗನು ಧೂಳಿಗೆ ಅನ್ವಯಿಸಿಕೊಳ್ಳಬೇಕು.

ಇನ್ನು ವ್ಯಾಖ್ಯಾನಗ್ರಂಥಗಳು. ಕಟ್ಟುವುದನ್ನು ಕಲಿತವನಿಗೆ 'ಏಕೆ' ಎಂಬ ಪ್ರಶ್ನೆಯು ಹುಟ್ಟಿದಾಗ, ಇವುಗಳ ಕಾಲವು ಬಂದಿತೆಂದು ತಿಳಿಯಬಹುದು. ಒಂದು ಪುಸ್ತಕವು ನಂಬಿಕೆಗೆ ಅರ್ಹವೇ ಎಂದು ನಿರ್ಣಯಿಸಲು ನಾನು ಸೂಚಿಸುವ ಒರೆಗಲ್ಲು 'ಸ್ಟ್ಯಾಂಡಿಂಗ್ ವೇವ್ ರೇಶಿಯೋ' ಎಂಬ ವಿಷಯ. ಆಕಾಶದಲ್ಲಿ ಏಕಾಕಿಯಾಗಿ ನಿಂತ ಡೈಪೋಲಿನ ಇಂಪೀಡೆನ್ಸು, ಎಂದರೆ ಪ್ರವಾಹಕ್ಕೆ ಅದು ಒಡ್ಡುವ ತಡೆ, ಸುಮಾರು 73 ಓಮ್. ಸಾಮಾನ್ಯ ಕೇಬಲ್ಲಿನದು 50 ಓಮ್. ಈ ಎರಡೂ ಸರಿಹೊಂದದ ಕಾರಣ, ಕೇಬಲ್ಲಿನಲ್ಲಿ ಬಂದ ಶಕ್ತಿಯ ಒಂದಂಶವು ಆಂಟೆನಾದ ಬಾಗಿಲಿನಿಂದ ಹಿಂದಿರುಗುತ್ತದೆ. 73ನ್ನು 50ರಿಂದ ಭಾಗಿಸಿದರೆ ದೊರೆಯುವ 1.46 ಎಂಬುದೇ ಆ ಅನುಪಾತ. ಆಗ ಹಿಂದಿರುಗುವುದು ನೂರಕ್ಕೆ ಮೂರೂವರೆ ಪಾಲು ಮಾತ್ರ. ಅನುಪಾತವು 2 ಆದಾಗಲೂ ಹಿಂದಿರುಗುವುದು ನೂರಕ್ಕೆ ಹನ್ನೊಂದು ಪಾಲು. ಹಿಂದಿರುಗಿದ ಆ ಶಕ್ತಿಯೆಲ್ಲವೂ ವ್ಯರ್ಥವಾಯಿತೆಂದು ಹೇಳುವ ಪುಸ್ತಕಗಳುಂಟು. ಅಮೆರಿಕದ ವಾಲ್ಟರ್ ಮ್ಯಾಕ್ಸ್‌ವೆಲ್ ಎಂಬ ಎಂಜಿನಿಯರರು, ಸ್ವತಃ ಹವ್ಯಾಸಿಗಳು, 1990ರಲ್ಲಿ ಪ್ರಕಟವಾದ 'ರಿಫ್ಲೆಕ್ಷನ್ಸ್' ಎಂಬ ತಮ್ಮ ಗ್ರಂಥದಲ್ಲಿ ಈ ಭ್ರಾಂತಿಯನ್ನು ತಾಳ್ಮೆಯಿಂದ ಬಿಡಿಸಿದರು: ಸರಿಯಾಗಿ ಶ್ರುತಿಗೂಡಿಸಿದ ವ್ಯವಸ್ಥೆಯಲ್ಲಿ ಹಿಂದಿರುಗಿದ ಶಕ್ತಿಯು ಯಂತ್ರದ ಕಡೆಯಿಂದ ಮತ್ತೆ ಆಂಟೆನಾದತ್ತ ಪ್ರತಿಫಲಿಸುತ್ತದೆ, ನಿಜವಾದ ನಷ್ಟವಾಗುವುದು ಕೇಬಲ್ಲಿನ ತಾಮ್ರದಲ್ಲಿಯೂ ಹೊದಿಕೆಯಲ್ಲಿಯೂ ಆಗುವ ಶಾಖದಿಂದ. ಪುಸ್ತಕವನ್ನು ಕೊಳ್ಳುವ ಮೊದಲು ಈ ಒಂದು ಪ್ರಕರಣವನ್ನು ತೆರೆದು ಓದಿರಿ. ಶಕ್ತಿಯು ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನು ಕೊನೆಯವರೆಗೆ ಒಪ್ಪಿಸುವ ಲೇಖಕನು ಮಿಕ್ಕ ವಿಷಯಗಳಲ್ಲಿಯೂ ನಿಮ್ಮನ್ನು ವಂಚಿಸಲಾರನು.

ವ್ಯಾಖ್ಯಾನಕ್ಕೂ ಗಣಿತಕ್ಕೂ ನಡುವಣ ಸೇತುವೆಯಂತೆ ನಿಂತಿರುವ ಗ್ರಂಥವೊಂದುಂಟು. ಅದು ಜಾನ್ ಕ್ರೌಸ್ ಅವರ 'ಆಂಟೆನಾಸ್'. 1910ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ ಕ್ರೌಸರು ಅಮೆರಿಕದ ಒಹಾಯೊ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಬೃಹತ್ ರೇಡಿಯೋ ದೂರದರ್ಶಕವನ್ನು ಕಟ್ಟಿದವರಾದರೂ, ಜೀವನದುದ್ದಕ್ಕೂ ಹವ್ಯಾಸಿಗಳು. ಡಬ್ಲ್ಯು8ಜೆಕೆ ಎಂಬ ಅವರ ಕರೆಸಂಕೇತವೇ ಅವರು ರಚಿಸಿದ ಒಂದು ಆಂಟೆನಾದ ಹೆಸರಾಗಿ ಉಳಿದಿದೆ. 1946ರಲ್ಲಿ ಅತಿಥಿ ವಿದ್ವಾಂಸರೊಬ್ಬರ ಉಪನ್ಯಾಸದಲ್ಲಿ ಸುರುಳಿಯಾಕಾರದ ತಂತಿಯೊಂದನ್ನು ಕಂಡ ಅವರು, ಇದು ಆಂಟೆನಾ ಆಗಬಲ್ಲುದೇ ಎಂದು ಕೇಳಿದರು. ಪ್ರಯತ್ನಿಸಿ ನೋಡಿದ್ದಾಯಿತು, ಆಗದು ಎಂಬ ಉತ್ತರವು ಬಂದಿತು. ಮನೆಗೆ ಮರಳಿದ ಕ್ರೌಸರು ಪರಿಧಿಯು ಒಂದು ತರಂಗದೂರದಷ್ಟಿರುವಂತೆ ತಂತಿಯನ್ನು ಸುತ್ತಿ ಪರೀಕ್ಷಿಸಲಾಗಿ, ಅದರ ತುದಿಯಿಂದ ತೀಕ್ಷ್ಣವಾದ ಕಿರಣಪುಂಜವು ಹೊರಟಿತು. ಮುಂದೆ ಉಪಗ್ರಹಗಳಲ್ಲಿ ವಿಪುಲವಾಗಿ ಬಳಕೆಗೆ ಬಂದ ಹೆಲಿಕಲ್ ಆಂಟೆನಾದ ಜನ್ಮವೃತ್ತಾಂತವಿದು. ತನ್ನ ಕೈಯಿಂದ ಸುತ್ತಿದವನು ಬರೆದ ಪುಸ್ತಕವಾದುದರಿಂದ 1950ರ ಆ ಗ್ರಂಥದಲ್ಲಿ ಸಮೀಕರಣದ ಪಕ್ಕದಲ್ಲಿಯೇ ಚಿತ್ರವೂ, ಚಿತ್ರದ ಪಕ್ಕದಲ್ಲಿಯೇ ಅಳತೆಯೂ ಇವೆ. ಅದರ ಪರಿಷ್ಕೃತ ಭಾರತೀಯ ಆವೃತ್ತಿಯು 'ಆಂಟೆನಾಸ್ ಅಂಡ್ ವೇವ್ ಪ್ರೊಪಗೇಶನ್' ಎಂಬ ಹೆಸರಿನಿಂದ ದೊರೆಯುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಅದು ಪಠ್ಯವೂ ಆಗಿರುವುದರಿಂದ ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಿಂದ ಕೈಗೆ ಸಾಗುವ ಪ್ರತಿಗಳನ್ನು ಕೇಳಿ ಪಡೆಯಬಹುದು. ಒಂದೇ ಒಂದು ಶಾಸ್ತ್ರಗ್ರಂಥವನ್ನು ಕೊಳ್ಳುವ ಶಕ್ತಿಯುಳ್ಳವನಿಗೆ ನಾನು ನಿಸ್ಸಂದೇಹವಾಗಿ ಇದನ್ನೇ ಹೇಳುತ್ತೇನೆ.

ಮೂರನೆಯದು ಗಣಿತಗ್ರಂಥಗಳ ಪಂಕ್ತಿ. ಕಾನ್‌ಸ್ಟಂಟೈನ್ ಬಾಲಾನಿಸ್ ಅವರ 'ಆಂಟೆನಾ ಥಿಯರಿ' 1982ರಲ್ಲಿ ಮೊದಲು ಪ್ರಕಟವಾಗಿ ಜಗತ್ತಿನ ವಿಶ್ವವಿದ್ಯಾಲಯಗಳಲ್ಲೆಲ್ಲ ಪ್ರಮಾಣವೆನಿಸಿದೆ. ಜೋರ್ಡನ್ ಮತ್ತು ಬಾಲ್ಮೇನ್ ಅವರ 'ಎಲೆಕ್ಟ್ರೋಮ್ಯಾಗ್ನೆಟಿಕ್ ವೇವ್ಸ್ ಅಂಡ್ ರೇಡಿಯೇಟಿಂಗ್ ಸಿಸ್ಟಮ್ಸ್' ಎಂಬುದು ಭಾರತದ ಹಲವು ತಲೆಮಾರುಗಳ ಎಂಜಿನಿಯರರನ್ನು ರೂಪಿಸಿದೆ. ಇವುಗಳ ಘನತೆಯು ಪ್ರಶ್ನಾತೀತ. ಆದರೆ ಇವು ಮೊದಲ ಮೆಟ್ಟಿಲುಗಳಲ್ಲ. ಕಲನಶಾಸ್ತ್ರ, ಸದಿಶಗಳ ಗಣಿತ, ಮಿಶ್ರಸಂಖ್ಯೆಗಳು ಎಂಬ ಮೂರು ನದಿಗಳನ್ನು ದಾಟಿದವನಿಗೆ ಮಾತ್ರ ಇವುಗಳ ದಡವು ಸಿಕ್ಕುತ್ತದೆ. ಇಲ್ಲಿ ನಮ್ಮ ನಾಡಿನದೇ ಒಂದು ಸಂಗತಿಯು ನೆನಪಿಗೆ ಬರುತ್ತದೆ. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯನು ಸ್ಪಷ್ಟವಾಗಿ ಹೇಳಿದನು. ಈ ಪ್ರಶ್ನೆಯನ್ನು ಅಷ್ಟು ನಿಚ್ಚಳವಾಗಿ ಎದುರಿಸಿದ ಮೊದಲಿಗರಲ್ಲಿ ಅವನೊಬ್ಬನು. ಅವನು ಇಲ್ಲವೆಂದ ಆ ಮೂಲವನ್ನೇ ಯೂರೋಪಿನ ಗಣಿತಜ್ಞರು ಶತಮಾನಗಳ ತರುವಾಯ ಕಲ್ಪಿಸಿಕೊಂಡು ಹೆಸರಿಟ್ಟರು. ಇಂದು ಅದರ ನೆರವಿಲ್ಲದೆ ಆಂಟೆನಾದ ಇಂಪೀಡೆನ್ಸನ್ನು ಬರೆಯಲು ಆಗುವುದೇ ಇಲ್ಲ. ಪ್ರವಾಹವೂ ವೋಲ್ಟೇಜೂ ಹೆಜ್ಜೆ ಕೂಡಿಸಿ ನಡೆಯದೆ ಒಂದಕ್ಕಿಂತ ಒಂದು ಹಿಂದುಳಿದಾಗ ಆ ಹಿನ್ನಡೆಯನ್ನು ಗುರುತಿಸುವ ಸಂಕೇತವೇ ಅದು. ಅಮೋಘವರ್ಷನ ಕಾಲದ ಆಚಾರ್ಯನು ಎದುರು ನಿಂತ ಬಾಗಿಲನ್ನು ಅದೇ ಮಳಖೇಡದ ಹುಡುಗಿಯೊಬ್ಬಳು ತೆರೆದು ಒಳಹೊಕ್ಕು ತನ್ನ ತಂತಿಯ ಉದ್ದವನ್ನು ಗಣಿಸುವಳೆಂಬ ಚಿತ್ರವು ನನಗೆ ಅತ್ಯಂತ ಪ್ರಿಯವಾದುದು.

ಗಣಿತವನ್ನು ಕ್ರಮವಾಗಿ ಕಲಿಯಲು ಅವಕಾಶವಾಗದವರಿಗೂ ಈ ಕಾಲವು ಉದಾರವಾಗಿದೆ. ಮುಂಬಯಿಯ ಐ.ಐ.ಟಿ.ಯ ಗಿರೀಶ್ ಕುಮಾರ್ ಅವರು ಆಂಟೆನಾಗಳನ್ನು ಕುರಿತು, ಅದೇ ಸಂಸ್ಥೆಯಲ್ಲಿದ್ದ ಶೇವಗಾಂವಕರ್ ಅವರು ತರಂಗಗಳನ್ನು ಕುರಿತು ನೀಡಿದ ಉಪನ್ಯಾಸಮಾಲೆಗಳು ಎನ್‌ಪಿಟಿಇಎಲ್ ಯೋಜನೆಯಡಿ ಯಾರಿಗಾದರೂ ನಿಶ್ಶುಲ್ಕವಾಗಿ ದೊರೆಯುತ್ತವೆ. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೆಳೆದ ಎನ್.ಇ.ಸಿ. ಎಂಬ ಗಣನಕ್ರಮವನ್ನು ಆಧರಿಸಿದ 4ಎನ್‌ಇಸಿ2 ಮೊದಲಾದ ತಂತ್ರಾಂಶಗಳಲ್ಲಿ ತಂತಿಯ ಅಳತೆಗಳನ್ನು ತುಂಬಿದರೆ ಅದು ಯಾವ ದಿಕ್ಕಿಗೆ ಎಷ್ಟು ಪ್ರಸರಿಸುವುದೆಂಬ ಚಿತ್ರವು ಕ್ಷಣಮಾತ್ರದಲ್ಲಿ ಮೂಡುತ್ತದೆ. ಆದರೆ ಅಲ್ಲಿಯೂ ನೆಲದ ವಾಹಕತೆಯನ್ನು ಕೇಳುವ ಒಂದು ಖಾನೆಯಿದೆ. ಅದರಲ್ಲಿ ಎರೆಮಣ್ಣಿನ ಸಂಖ್ಯೆಯನ್ನು ಬರೆಯಬೇಕೋ ಫರಸಿಕಲ್ಲಿನದನ್ನೋ ಎಂಬ ವಿವೇಕವು ಪುಸ್ತಕದಿಂದಲೂ ಸ್ವಂತ ಹೊಲದಿಂದಲೂ ಬರಬೇಕು.

ಪುಸ್ತಕಗಳು ದೊರೆಯುವ ಸ್ಥಳದ ಮಾತಿಗೆ ಬಂದರೆ, ಈ ಸೀಮೆಗೆ ರೈಲು ಹಳೆಯ ಉಪಕಾರಿ. ವಾಡಿಯಿಂದ ಚಿತ್ತಾಪುರ ಸೇಡಂಗಳನ್ನು ಹಾಯ್ದು ಸಿಕಂದರಾಬಾದಿಗೆ ಹೋಗುವ ನಿಜಾಮರ ಕಾಲದ ಹಳಿಯು 1874ರಲ್ಲಿ ತೆರೆಯಿತು. ಅದೇ ದಾರಿಯಲ್ಲಿ ಹೈದರಾಬಾದಿಗೆ ಹೋದವನು, ಕೋಠಿಯ ಹಳೆಯ ಪಠ್ಯಪುಸ್ತಕಗಳ ಅಂಗಡಿಗಳಲ್ಲಿಯೂ, ಆಬಿಡ್ಸ್‌ನ ಬೀದಿಯಲ್ಲಿ ಭಾನುವಾರ ಹರಡುವ ಪುಸ್ತಕಗಳ ಸಂತೆಯಲ್ಲಿಯೂ ತಾಳ್ಮೆಯಿಂದ ಅರಸಬಹುದು. 1983ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯೂ ಹೈದರಾಬಾದಿನಲ್ಲಿಯೇ ಇದೆ. ಹಳೆಯ ಆವೃತ್ತಿಯೆಂದು ಹಿಂಜರಿಯಬೇಕಾಗಿಲ್ಲ. ಯಂತ್ರಗಳ ವರ್ಣನೆಯೂ ಉಪಕರಣಗಳ ಬೆಲೆಯೂ ಹಳತಾಗುತ್ತವೆ; ಆದರೆ 1926ರಲ್ಲಿ ಜಪಾನಿನ ಉಡಾ ಮತ್ತು ಯಾಗಿ ಎಂಬವರು ವಿವರಿಸಿದ ಸಲಾಕೆಗಳ ಸಾಲು, ಒಂದು ಕಾಲದಲ್ಲಿ ನಮ್ಮ ಮಾಳಿಗೆಗಳ ಮೇಲೆಲ್ಲ ದೂರದರ್ಶನದ ಏರಿಯಲ್ಲಾಗಿ ನಿಂತಿದ್ದ ಆ ರಚನೆಯು, ಅಂದಿನ ನಿಯಮದಂತೆಯೇ ಇಂದಿಗೂ ನಡೆಯುತ್ತದೆ. ಅಡಿ ಅಂಗುಲಗಳ ಅಳತೆಯನ್ನು ಮೀಟರಿಗೆ ಪರಿವರ್ತಿಸಿಕೊಳ್ಳುವುದಷ್ಟೇ ಓದುಗನ ಶ್ರಮ.

ಕೊಳ್ಳುವ ಮುನ್ನ ಪುಸ್ತಕವನ್ನು ಕೈಯಲ್ಲಿ ಹಿಡಿದು ಕೇಳಬೇಕಾದುದನ್ನು ಒಟ್ಟುಗೂಡಿಸಿ ಹೇಳುವುದಾದರೆ ಹೀಗೆ: ಮೊದಲು, ನನ್ನ ಈಗಿನ ಪ್ರಶ್ನೆಯು ಕಟ್ಟುವುದನ್ನು ಕುರಿತದ್ದೋ, ಕಾರಣವನ್ನು ಕುರಿತದ್ದೋ, ಗಣನೆಯನ್ನು ಕುರಿತದ್ದೋ ಎಂದು ತನ್ನನ್ನೇ ವಿಚಾರಿಸಿಕೊಂಡು ಮಾರ್ಗ, ವ್ಯಾಖ್ಯಾನ, ಗಣಿತಗಳಲ್ಲಿ ಒಂದನ್ನು ಗೊತ್ತುಮಾಡಬೇಕು. ಅನಂತರ ಮರಳಿ ಬಂದ ಶಕ್ತಿಯ ಲೆಕ್ಕವನ್ನು ಅದು ಹೇಗೆ ಒಪ್ಪಿಸುತ್ತದೆಂದೂ, ನೆಲಕ್ಕೆ ಎಷ್ಟು ಸ್ಥಾನ ಕೊಟ್ಟಿದೆಯೆಂದೂ ನೋಡಬೇಕು. ಕೊನೆಗೆ, ನಡುವಿನ ಯಾವುದಾದರೊಂದು ಪುಟವನ್ನು ತೆರೆದು ಓದಿದಾಗ ಅರ್ಧದಷ್ಟಾದರೂ ಅರ್ಥವಾಗಿ, ಉಳಿದರ್ಧವು ಕುತೂಹಲವನ್ನು ಕೆರಳಿಸಿತೇ ಎಂದು ಪರೀಕ್ಷಿಸಬೇಕು. ಪೂರ್ಣವಾಗಿ ಅರ್ಥವಾಗುವ ಪುಸ್ತಕವು ಹೊಸದೇನನ್ನೂ ಕಲಿಸದು. ಒಂದಕ್ಷರವೂ ಅರ್ಥವಾಗದ ಪುಸ್ತಕವು ಇನ್ನೆರಡು ವರ್ಷ ಕಪಾಟಿನಲ್ಲಿ ಕಾಯಬಲ್ಲುದು.

ಇವೆಲ್ಲವೂ ಇಂಗ್ಲಿಷಿನ ಗ್ರಂಥಗಳಾದವಲ್ಲಾ, ಕನ್ನಡ ಶಾಲೆಯಲ್ಲಿ ಓದಿದವನ ಗತಿಯೇನು ಎಂದು ಕೇಳುವವರಿಗೆ ನನ್ನ ಬಿನ್ನಹವೊಂದಿದೆ. ಓದುವ ಪ್ರತಿಯೊಬ್ಬನೂ ಪಕ್ಕದಲ್ಲಿ ಒಂದು ಕನ್ನಡದ ಟಿಪ್ಪಣಿಪುಸ್ತಕವನ್ನಿಟ್ಟು, ತಾನು ತಿಳಿದುದನ್ನು ತನ್ನ ತಂಗಿಗೋ ತಮ್ಮನಿಗೋ ಹೇಳುವಂತೆ ತನ್ನ ಮಾತಿನಲ್ಲಿ ಬರೆಯಲಿ. ಕನ್ನಡದಲ್ಲಿ ಹೇಳಲು ಬಾರದ ಸಂಗತಿಯು ತನಗಿನ್ನೂ ತಿಳಿದಿಲ್ಲವೆಂದೇ ಭಾವಿಸಲಿ. ಬೆಳ್ಳಾವೆ ವೆಂಕಟನಾರಣಪ್ಪನವರೂ ಶಿವರಾಮ ಕಾರಂತರೂ ವಿಜ್ಞಾನವನ್ನು ಕನ್ನಡಕ್ಕೆ ತಂದದ್ದು ಇಂಥ ಶ್ರದ್ಧೆಯಿಂದಲೇ. ಅಂಥ ಟಿಪ್ಪಣಿಗಳು ನಾಲ್ಕಾರು ಊರುಗಳಲ್ಲಿ ಬೆಳೆದರೆ, ಆಂಟೆನಾ ಶಾಸ್ತ್ರಕ್ಕೆ ನಮ್ಮದೇ ಒಂದು ಮಿತಾಕ್ಷರವು ಒಂದು ದಿನ ಈ ಮಣ್ಣಿನಿಂದಲೇ ಏಳಬಹುದು.

ಮೊದಲು ಹೇಳಿದ ಇಪ್ಪತ್ತು ಮೀಟರಿನ ಆ ತಂತಿಯ ಕಡೆಗೆ ಮತ್ತೊಮ್ಮೆ ತಿರುಗೋಣ. ತರಂಗದೂರದ ಕಾಲುಭಾಗದಷ್ಟು, ಎಂದರೆ ಹತ್ತು ಮೀಟರಿನಷ್ಟು ಮಾತ್ರ, ಎತ್ತರದಲ್ಲಿ ಕಟ್ಟಿದ 7 ಮೆಗಾಹರ್ಟ್ಸ್‌ನ ಡೈಪೋಲು ತನ್ನ ಶಕ್ತಿಯ ಬಹುಭಾಗವನ್ನು ನೇರವಾಗಿ ಮೇಲಕ್ಕೆ ಕಳುಹಿಸುತ್ತದೆ. ಇದು ದೋಷವೆಂದು ಹೊಸಬನು ಖಿನ್ನನಾಗುವನು; ಆದರೆ ಭೂಮಿಯ ಅಧ್ಯಾಯವನ್ನೂ ಪ್ರಸರಣದ ಅಧ್ಯಾಯವನ್ನೂ ಜೊತೆಯಾಗಿ ಓದಿದವನಿಗೆ ಅದರ ಪ್ರಯೋಜನವು ಕಾಣುತ್ತದೆ. ಮೇಲಕ್ಕೇರಿದ ತರಂಗವು ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳವನ್ನು ಮುಟ್ಟಿ ಮಳೆಯಂತೆ ಕೆಳಗಿಳಿದು, ಸುತ್ತಣ ಕೆಲವು ನೂರು ಕಿಲೋಮೀಟರುಗಳ ನಾಡನ್ನೆಲ್ಲ, ಗುಡ್ಡವೆನ್ನದೆ ಕಣಿವೆಯೆನ್ನದೆ, ತೋಯಿಸುತ್ತದೆ. ಸೇಡಂನಿಂದ ಉತ್ತರಕ್ಕೆ ನಾಂದೇಡದ ಗೋದಾವರಿಯು ನೇರ ದೂರದಲ್ಲಿ ಸುಮಾರು 220 ಕಿಲೋಮೀಟರು. ದಕ್ಷಿಣಕ್ಕೆ ಶ್ರೀರಂಗಪಟ್ಟಣದ ಕಾವೇರಿಯು ಸುಮಾರು 530. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡದ ನಾಡು ಹಬ್ಬಿದೆಯೆಂದು ಕವಿರಾಜಮಾರ್ಗವು ಯಾವ ಮಾನ್ಯಖೇಟದ ಆಸ್ಥಾನದಿಂದ ಸಾರಿತೋ, ಅದರ ನೆರೆಯ ಮಾಳಿಗೆಯೊಂದರ ಮೇಲಿನ ಬಡ ತಂತಿಯು, ತಕ್ಕ ಪುಸ್ತಕವನ್ನು ತಕ್ಕ ಹೊತ್ತಿನಲ್ಲಿ ಓದಿದ ಕೈಗಳಿಂದ ಕಟ್ಟಲ್ಪಟ್ಟರೆ, ಒಂದು ಹಗಲಿನಲ್ಲಿ ಅದೇ ಎರಡು ನದಿಗಳ ನಡುವಣ ಜನರ ದನಿಗಳನ್ನು ಒಂದುಗೂಡಿಸಬಲ್ಲುದು.